ಟೈರಿನ ಮೇಲಿನ ವಿಭೂತಿ

ನಮ್ಮಣ್ಣನ ಕಾರಿನ ಟೈರುಗಳಿಗೆ ನಡೆಯುತ್ತಿದ್ದಷ್ಟು ಸೇವೆ ಆ ಮನೆಯಲ್ಲಿ ನಮ್ಮಮ್ಮನಿಗೂ ನಡೆದದ್ದಿಲ್ಲ. ಆಯುಧಪೂಜೆಯ ಹಿಂದಿನ ದಿನ ಕುಣಿಗಲ್ಲಿನ ಮನೆ ಮುಂದೆ ಕಾರು ನಿಲ್ಲಿಸಿಕೊಂಡು, ಶಾಂಪೂ ಹಾಕಿ ತಿಕ್ಕಿ, ಟೈರುಗಳಿಗೆ ಕಪ್ಪು ಪಾಲಿಶ್ ಬಳಿಯುತ್ತಿದ್ದ. ಮಾರನೆಯ ದಿನ ಆ ಮಿರುಗುವ ಕಪ್ಪಿನ ಮೇಲೆ ಮೂರು ಬೆರಳಿನಿಂದ ವಿಭೂತಿ ಎಳೆದು ನಡುವೆ ಕುಂಕುಮ ಇಡುತ್ತಿದ್ದ. ನಾವು ವಿಭೂತಿಯ ಜನ. ನಮ್ಮ ಹಣೆಗೆ ಏನೋ ಅಂಗಡಿಯ ತಕ್ಕಡಿಗೂ ಅದೇ. ಅಣ್ಣನಿಗೆ ಸಿಮೆಂಟು, ಕಬ್ಬಿಣದ ಅಂಗಡಿ. ಕಾರು ಸೆಕೆಂಡ್ ಹ್ಯಾಂಡ್, ಆದರೆ ಹಾಗಂತ ಯಾರೂ ಅವನೆದುರು ಹೇಳಬಾರದಿತ್ತು.

ನಾನು ಹಿರೇಹಳ್ಳಿಯ ಒಂದು ಕಾರ್ಖಾನೆಯ ಸ್ಟೋರ್ಸ್‌ನಲ್ಲಿ ಇದ್ದೇನೆ, ವಾಸ ತುಮಕೂರಿನ ಬಾಡಿಗೆ ಮನೆಯಲ್ಲಿ. ಬಂದ ಮಾಲಿನ ಮೇಲೆ ಏನು ಬರೆದಿದೆ, ಯಾವಾಗ ತಯಾರಾದದ್ದು, ಎಷ್ಟು ಭಾರ ತಡೆಯುತ್ತದೆ ಅಂತ ನೋಡುವುದೇ ನನ್ನ ಹೊಟ್ಟೆಪಾಡು. ರಜೆಯಲ್ಲಿ ಕುಣಿಗಲ್ಲಿಗೆ ಹೋದರೂ ಆ ಚಾಳಿ ಬಿಡುವುದಿಲ್ಲ. ಆ ವರ್ಷದ ಪೂಜೆ ಮುಗಿದ ಮೇಲೆ ಸುಮ್ಮನೆ ಬಗ್ಗಿ ಮುಂದಿನ ಟೈರನ್ನು ನೋಡಿದೆ. ಟೈರಿನ ಪಕ್ಕೆಯ ಮೇಲೆ ಒಂದು ಕಡೆ ಪುಟ್ಟ ಚೌಕಟ್ಟಿನಲ್ಲಿ ನಾಲ್ಕು ಅಂಕಿ ಇರುತ್ತವೆ. ಮೊದಲೆರಡು ತಯಾರಾದ ವಾರ, ಕೊನೆಯೆರಡು ವರ್ಷ. ಅಣ್ಣ ಸರಿಯಾಗಿ ಅದರ ಮೇಲೆಯೇ ವಿಭೂತಿ ಎಳೆದಿದ್ದ. ಹೆಬ್ಬೆರಳಿಂದ ಸ್ವಲ್ಪ ಒರೆಸಿ ಓದಿದೆ.

"ಪೂಜೆ ಮಾಡಿರೋದನ್ನ ಅಳಿಸ್ತೀಯಲ್ಲೇ, ತಲೆ ಕೆಟ್ಟೈತಾ ನಿಂಗೆ?" ಅಂತ ಅಣ್ಣ ಬಂದ.

"ಅಣ್ಣ, ಈ ಟೈರು ನಿನ್ ಮಗನಿಗಿಂತ ದೊಡ್ದು ಕಣೋ. ಅವನು ಆಗ್ಲೇ ಮಿಡ್ಲ್ ಸ್ಕೂಲಲ್ಲವ್ನೆ."

"ಬಟನ್ ನೋಡು, ಬಟನ್!" ಎಂದು ರಸ್ತೆಗೆ ತಾಗುವ ಮೈಯ ಉಬ್ಬುಗಳ ನಡುವೆ ಉಗುರು ತೂರಿಸಿ, ಸವೆದಿಲ್ಲವೆಂದು ತೋರಿಸಿದ. "ಶೆಡ್ಡಲ್ಲಿ ನಿಂತಿದ್ದ ಗಾಡಿ ಕಣೇ ಇದು, ಓಡೇ ಇಲ್ಲ. ಇಲ್ಲಿ ಹೆಚ್ ಅಂತ ಹಾಕವ್ರೆ ನೋಡು. ಇನ್ನೂರರ ಮೇಲೆ ಓಡುಸ್ಬೋದು ಅಂತ ಅರ್ಥ. ನಿಮ್ ಫ್ಯಾಕ್ಟ್ರೀಲಿ ಹೇಳ್ಕೊಟ್ಟಿಲ್ವಾ?"

ಆ ಹೆಚ್ ಅವನಿಗೆ ಗೊತ್ತಿತ್ತು, ಮಾರಿದವನು ಹೇಳಿಕೊಟ್ಟಿದ್ದ. ಆ ಅಕ್ಷರ ಟೈರು ಹೊಸದಾಗಿದ್ದಾಗಿನ ಮಾತು, ರಬ್ಬರು ನಿಂತಲ್ಲೇ ಮುದಿಯಾಗುತ್ತದೆ, ಪಾಲಿಶ್ ಕೆಳಗೆ ಸಣ್ಣ ಸಣ್ಣ ಬಿರುಕು ಬಿಟ್ಟಿದೆ ಅಂತ ನಾನು ಹೇಳಿದ್ದು ಅವನ ಕಿವಿಗೆ ಬೀಳಲಿಲ್ಲ. ಅಮ್ಮ ವಿಭೂತಿ ಬಟ್ಟಲು ತಂದು ನಾನು ಒರೆಸಿದ ಜಾಗಕ್ಕೆ ಮತ್ತೆ ಹಚ್ಚಿದಳು. "ಹಬ್ಬದ ದಿನ ಯಾಕವ್ವ ಅಪಶಕುನ," ಅಂದಳು. ನನಗೆ ಮೈಯೆಲ್ಲ ಉರಿಯಿತು. ಊಟ ಮಾಡದೆ ತುಮಕೂರಿನ ಬಸ್ಸು ಹತ್ತಿದೆ.

ಬೇಸಿಗೆಯಲ್ಲಿ ದೊಡ್ಡಮ್ಮ ತೀರಿಕೊಂಡಳು. ಗುಬ್ಬಿಯಿಂದಾಚೆ, ಚೇಳೂರಿನ ಹತ್ತಿರದ ಹಳ್ಳಿ ಅವಳದು. ತಾಯಿ ಇಲ್ಲದ ನಮ್ಮಮ್ಮನನ್ನು ಸೊಂಟದ ಮೇಲೆ ಹೊತ್ತು ಸಾಕಿದ ಅಕ್ಕ. ಇಬ್ಬರಲ್ಲಿ ಯಾರು ಮೊದಲು ಹೋದರೂ ಇನ್ನೊಬ್ಬಳೇ ಬಂದು ಹಣೆಗೆ ವಿಭೂತಿ ಹಚ್ಚಬೇಕು ಅಂತ ಅಕ್ಕತಂಗಿಯರು ಯಾವತ್ತೋ ಮಾತಾಡಿಕೊಂಡಿದ್ದರು. ನಗುನಗುತ್ತಾ ಆಡಿದ ಮಾತೇ, ಆದರೆ ಅಮ್ಮ ಅದನ್ನು ಮರೆತಿರಲಿಲ್ಲ. ನಾನು ಅವತ್ತು ಕುಣಿಗಲ್ಲಿನಲ್ಲೇ ಇದ್ದೆ. ಬೆಳಿಗ್ಗೆ ಫೋನು ಬಂದಾಗ ಅಮ್ಮ ಅಳುವುದಕ್ಕೂ ಮೊದಲು ದೇವರ ಗೂಡಿನಿಂದ ಹೊಸ ವಿಭೂತಿ ಗಟ್ಟಿಯೊಂದನ್ನು ತೆಗೆದು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂರಿಸುತ್ತಾರೆ. ಹೊತ್ತು ಮುಳುಗುವುದರೊಳಗೆ ತೋಟದ ಗುಣಿಯಲ್ಲಿ ಕೂರಿಸಿ ಮಣ್ಣು ಮಾಡುತ್ತಾರೆ. ಅಷ್ಟರೊಳಗೆ ಅಮ್ಮ ಅಲ್ಲಿರಬೇಕು.

ಅಣ್ಣ ಅಂಗಡಿಗೆ ಹೋಗಿ ಬಂದು, ಬಿಳಿ ಷರಟು ಹಾಕಿಕೊಂಡು ಕಾರು ತೆಗೆದಾಗ ಬಿಸಿಲು ಏರಿತ್ತು. ಗೂಳೂರು ಇನ್ನೇನು ಬಂತು ಅನ್ನುವಾಗ ಎಡಗಡೆಯ ಮುಂದಿನ ಟೈರು ಸಿಡಿಯಿತು. ಕಾರು ಅಲ್ಲಾಡಿ ರಸ್ತೆ ಬದಿಯ ಮಣ್ಣಿಗೆ ಇಳಿದು ನಿಂತಿತು. ಯಾರಿಗೂ ಏನೂ ಆಗಲಿಲ್ಲ. ಇಳಿದು ನೋಡಿದರೆ ಬಟನ್ ಹಾಗೇ ಇತ್ತು, ಪಕ್ಕೆ ಹರಿದು ಚಿಂದಿಯಾಗಿತ್ತು. ಡಿಕ್ಕಿಯಲ್ಲಿ ಸ್ಟೆಪ್ನಿ ಇತ್ತು, ಗಾಳಿ ಇರಲಿಲ್ಲ. ಕಣ್ಣಿಗೆ ಕಾಣದ ಟೈರಾದ್ದರಿಂದ ಪೂಜೆಯ ದಿನವೂ ಯಾರೂ ಅದರ ಮುಖ ನೋಡಿರಲಿಲ್ಲ. ನಾನು ಬಗ್ಗಿ ಆ ನಾಲ್ಕು ಅಂಕಿಯ ಚೌಕಟ್ಟನ್ನು ಹುಡುಕಿದೆ. ಹುಡುಕಿದ್ದಕ್ಕೇ ಅಣ್ಣ ನನ್ನನ್ನು ದುರುಗುಟ್ಟಿ ನೋಡಿದ.

ಅವನು ಟೋಯಿಂಗ್ ಗಾಡಿಗೆ ಫೋನು ಮಾಡಿದ. ಹೈವೇಯಲ್ಲಿ ಒಂದು ಲಾರಿ ಎಳೀತಾ ಇದೀವಿ, ಮುಗಿಸಿಕೊಂಡು ಬರ್ತೀವಿ ಅಂದರು. ಅಷ್ಟರಲ್ಲಿ ಕುಣಿಗಲ್ ಕಡೆಯಿಂದ ತುಮಕೂರಿನ ಬಸ್ಸು ಬಂತು. ಕೈ ಅಡ್ಡ ಹಾಕಿ ನಿಲ್ಲಿಸಿದೆ. ತುಮಕೂರಿಗೆ ಹೋಗಿ, ಅಲ್ಲಿಂದ ಗುಬ್ಬಿ, ಗುಬ್ಬಿಯಿಂದ ಚೇಳೂರು, ಧಾರಾಳವಾಗಿ ಮುಟ್ಟಬಹುದಿತ್ತು. ಅಮ್ಮ ಒಂದು ಕಾಲನ್ನು ಮೆಟ್ಟಿಲ ಮೇಲೆ ಇಟ್ಟೂ ಬಿಟ್ಟಿದ್ದಳು.

"ಅಮ್ಮಾ, ಇಳಿ ಕೆಳಕ್ಕೆ," ಅಣ್ಣ ಕೂಗಿದ. "ಗಾಡಿ ಇಟ್ಕೊಂಡು ಸಾವಿನ ಮನೆಗೆ ಬಸ್ಸಲ್ಲಿ ನಿಂತ್ಕೊಂಡ್ ಹೋಯ್ತೀಯಾ? ನೋಡ್ದೋರು ನನ್ ಮುಖಕ್ಕೆ ಉಗಿಯಲ್ವಾ? ಟೋಯಿಂಗ್‌ನೋರು ಬಂದೇಬುಟ್ರು."

"ಹತ್ತದಾದ್ರೆ ಹತ್ತಮ್ಮ," ಅಂದ ಕಂಡಕ್ಟರ್.

"ಹತ್ತಮ್ಮ," ಅಂತ ನಾನೂ ಅವಳ ಬೆನ್ನಿಗೆ ಕೈ ಕೊಟ್ಟೆ. ಅಮ್ಮ ನನ್ನನ್ನೊಮ್ಮೆ, ಮಗನನ್ನೊಮ್ಮೆ ನೋಡಿ, ಕಾಲು ಕೆಳಗಿಟ್ಟಳು. "ಹೋಗ್ಲಿ ಬುಡವ್ವ, ಅವನೇ ಕರ್ಕೊಂಡ್ ಹೋಗ್ಲಿ," ಅಂದಳು. ಮಗ ಕರೆದರೆ ಮುಗಿಯಿತು. ಬಸ್ಸು ಹೊರಟುಹೋಯಿತು. ಆ ಬಸ್ಸಿನ ಹಿಂಭಾಗ ಇವತ್ತಿಗೂ ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ.

ಟೋಯಿಂಗ್ ಗಾಡಿ ಬಂದಾಗ ನೆರಳು ಆಚೆ ಬದಿಗೆ ತಿರುಗಿತ್ತು. ಸರಪಳಿ ಬಿಗಿದು ಕಾರನ್ನು ನಿಧಾನಕ್ಕೆ ಮೇಲೆಳೆದು, ಚಕ್ರಗಳಿಗೆ ಪಟ್ಟಿ ಕಟ್ಟಿ ಭದ್ರ ಮಾಡಿದರು. ನಾವು ಮೂವರೂ ಡ್ರೈವರ್ ಪಕ್ಕದಲ್ಲಿ ಒತ್ತಿಕೊಂಡು ಕೂತೆವು. ಅಮ್ಮನ ಒಂದು ಕೈ ಸೆರಗಿನ ಗಂಟಿನ ಮೇಲೆಯೇ ಇತ್ತು. ಅಲ್ಲಿ ದೊಡ್ಡಮ್ಮನನ್ನು ಕೂರಿಸಿ ಹೊರಲು ಅಣಿ ಮಾಡುತ್ತಿದ್ದರು, ಇಲ್ಲಿ ನಾವು ಕಾರನ್ನು ಕೂರಿಸಿ ಹೊತ್ತುಕೊಂಡು ಹೋಗುತ್ತಿದ್ದೆವು.

ತುಮಕೂರಿನ ಟೈರು ಅಂಗಡಿಯಲ್ಲಿ ಅಣ್ಣನಿಗೆ ಜ್ಞಾನೋದಯವಾಯಿತು. ಒಂದು ಟೈರು ಹಾಕಿಸಿಕೊಂಡು ಹೊರಟಿದ್ದರೂ ಆಗುತ್ತಿತ್ತೇನೋ. ಇಲ್ಲ, ನಾಲ್ಕೂ ಬದಲಾಯಿಸಬೇಕು. ನನ್ನನ್ನೇ ಕರೆದು ಹೊಸ ಟೈರುಗಳ ವಾರ, ವರ್ಷ ಓದಿಸಿದ. ಅಗಲದ ಅಂಕಿ ಹಳೆಯದಕ್ಕೆ ಸರಿಹೊಂದುತ್ತದಾ, ವೇಗದ ಅಕ್ಷರದ ಪಕ್ಕದ ಸಂಖ್ಯೆ ಎಷ್ಟು ಭಾರಕ್ಕೆ, ಎಲ್ಲ ಕೇಳಿದ. ಆಮೇಲೆ ಚಕ್ರಗಳ ಅಲೈನ್‌ಮೆಂಟು ಬೇರೆ ಮಾಡಿಸಬೇಕೆಂದ. ಅಮ್ಮ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತು ಅವನ ಮುಖವನ್ನೇ ನೋಡುತ್ತಿದ್ದಳು.

"ಆಟೋ ಹಿಡ್ದು ಬಸ್ ಸ್ಟ್ಯಾಂಡಿಗೆ ಹೋಗಣ, ಏಳಮ್ಮ," ಅಂದೆ.

"ಇನ್ನೇನಾಯ್ತಲ್ಲೇ, ವಸಿ ತಾಳ್ಮೆ ಇಟ್ಕೊ," ಅಂದ ಅಣ್ಣ. ಅಷ್ಟರಲ್ಲಿ ಫೋನು ಬಂತು. ದೊಡ್ಡಮ್ಮನನ್ನು ಎತ್ತಿಬಿಟ್ಟಿದ್ದರು.

ನಾವು ಹೋಗಿ ತಲುಪಿದಾಗ ತೋಟದಲ್ಲಿ ಮಣ್ಣು ಸಮ ಮಾಡುತ್ತಿದ್ದರು. ಹಾರೆ, ಗುದ್ದಲಿ ಹಿಡಿದವರು ಪಕ್ಕಕ್ಕೆ ಸರಿದು ಅಮ್ಮನಿಗೆ ದಾರಿ ಬಿಟ್ಟರು. ಎಷ್ಟು ಹೊತ್ತಂತ ಕಾಯೋದು ಚಿಕ್ಕಮ್ಮ, ಹೊತ್ತು ಇಳೀತಾ ಇತ್ತು, ಅಂತ ದೊಡ್ಡಮ್ಮನ ಮಗ ಅತ್ತ. ಅಮ್ಮ ಸೆರಗಿನ ಗಂಟು ಬಿಚ್ಚಿ ಗಟ್ಟಿಯನ್ನು ಕೈಯಲ್ಲಿ ಹಿಡಿದುಕೊಂಡಳು. ಮಣ್ಣಿನ ಮೇಲೇ ಇಟ್ಟುಬಿಡವ್ವ ಅಂತ ಯಾರೋ ಹೇಳಿದರು. ಅವಳು ಇಡಲಿಲ್ಲ. ಬಗ್ಗಿ ಒಂದು ಹಿಡಿ ಮಣ್ಣು ಹಾಕಿ, ಗಟ್ಟಿಯನ್ನು ಮತ್ತೆ ಗಂಟು ಹಾಕಿಕೊಂಡಳು.

"ಗಾಡಿ ಕೆಟ್ಟೋಯ್ತು, ಯಾರೇನ್ ಮಾಡಕಾಯ್ತದೆ," ಅಂತ ಬಂದವರಿಗೆಲ್ಲ ಅಮ್ಮ ತಾನೇ ಸಮಜಾಯಿಷಿ ಕೊಟ್ಟಳು. ಅವತ್ತೂ ಅಷ್ಟೇ, ಆಮೇಲೂ ಅಷ್ಟೇ. ಮಗನಿಗೆ ಒಂದು ಮಾತು ಅನ್ನಲಿಲ್ಲ. ಅವನು ಸಾವಿನ ಮನೆಯ ಜಗಲಿಯಲ್ಲಿ ಕೂತು ಟೈರಿನ ನಾಲ್ಕು ಅಂಕಿಯ ವಿಷಯವನ್ನು ಊರವರಿಗೆ ತಿಳಿಸಿಕೊಡುತ್ತಿದ್ದ. ನನಗೆ ಅವನಿಗಿಂತ ಅಮ್ಮನ ಮೇಲೇ ಹೆಚ್ಚು ಸಿಟ್ಟು ಬಂತು. ಆ ಸಿಟ್ಟಿನಲ್ಲೇ ತಿಂಗಳುಗಟ್ಟಲೆ ಕುಣಿಗಲ್ಲಿಗೆ ಹೋಗಲಿಲ್ಲ.

ಮತ್ತೆ ಆಯುಧಪೂಜೆಗೆ ಹೋದೆ. ಕಾರು ತೊಳೆದಾಗಿತ್ತು, ಟೈರುಗಳಿಗೆ ಪಾಲಿಶ್ ಆಗಿತ್ತು. "ಬಾರಮ್ಮ ಪಂಡಿತೆ, ಓದ್ಬುಡು ಮೊದ್ಲು. ಆಮೇಲೆ ಅಳಿಸ್ಬೇಡ," ಅಂತ ಅಣ್ಣ ನಕ್ಕ. ಬಗ್ಗಿ ಓದಿದೆ. ಹೊಸವೇ. ಹೊಸವು ಅಂತ ಹೇಳಿದೆ.

ಬಟ್ಟಲಲ್ಲಿ ವಿಭೂತಿ ಮುಗಿದಿತ್ತು. ಅಣ್ಣ ಒಳಗೆ ಹೋಗಿ ದೇವರ ಗೂಡಿನಲ್ಲಿ ತಡಕಾಡಿ, ಒಂದು ಗಟ್ಟಿ ತಂದ. ಮೂಲೆ ಸ್ವಲ್ಪವೂ ಸವೆದಿರದ ಗಟ್ಟಿ. ಅದನ್ನು ನೀರಲ್ಲಿ ಅದ್ದಿ ಟೈರಿನ ಮುಂದೆ ಕುಕ್ಕರುಗಾಲಲ್ಲಿ ಕೂತ. ಆರತಿ ತಟ್ಟೆ ಹಿಡಿದು ಬಂದ ಅಮ್ಮ ತಟ್ಟೆಯನ್ನು ನನ್ನ ಕೈಗೆ ಕೊಟ್ಟು, ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಗಟ್ಟಿಯನ್ನು ತೆಗೆದುಕೊಂಡಳು.

"ಇದು ಅಕ್ಕನ ಹಣೇದು," ಅಂದಳು.

ಅಣ್ಣ ತಲೆ ಎತ್ತಲಿಲ್ಲ. ಅಮ್ಮ ಒದ್ದೆ ಗಟ್ಟಿಯನ್ನು ಸೆರಗಿನಲ್ಲಿ ಒರೆಸುತ್ತಾ ಒಳಗೆ ಹೋದಳು. ಆರತಿ ತಟ್ಟೆ ನನ್ನ ಕೈಯಲ್ಲೇ ಉಳಿಯಿತು. ಆ ವರ್ಷ ಟೈರುಗಳಿಗೆ ಬರೀ ಕುಂಕುಮ.