ಪೂಜಾ ಮಾಡಿದ ಫೀಲ್ಡು

ಹರಿಹರದಲ್ಲಿ ಲಾರಿಗಳಿಗೆ ತಾಡಪತ್ರಿ ಹೊಲಿದುಕೊಡುವ ಹುಸೇನ್ ಸಾಬರ ಮಗಳು ನಿಖತ್ ಕಲಿಸುವುದರಲ್ಲಿ ಧಾರಾಳಿ. ಗೊತ್ತಿಲ್ಲದವರು ಎಷ್ಟು ಸಲ ಕೇಳಿದರೂ ಬೇಸರವಿಲ್ಲದೆ ಹೇಳಿಕೊಡುತ್ತಿದ್ದಳು. ಆದರೆ ಹೇಳಿಸಿಕೊಂಡವರು ಕಲಿತು ಅವಳ ಸಮಕ್ಕೆ ಬಂದು ನಿಂತರೆ ಎದೆಯಲ್ಲಿ ಏನೋ ಕುಟುಕಿದ ಹಾಗಾಗುತ್ತಿತ್ತು. ತನ್ನಲ್ಲಿ ಇಂಥದ್ದೊಂದು ಗುಣ ಇದೆ ಎಂದು ಅವಳಿಗೆ ಮನವರಿಕೆಯಾದದ್ದು ಪೂಜಾಳಿಂದ.

ಪೂಜಾ ದಾವಣಗೆರೆಯ ಸರಸ್ವತಿ ನಗರದವಳು, ಬಟ್ಟೆ ವ್ಯಾಪಾರಿಯ ಮಗಳು. ಪಿ.ಜೆ. ಬಡಾವಣೆಯ ಕಂಪ್ಯೂಟರ್ ಕ್ಲಾಸಿನಲ್ಲಿ ಇಬ್ಬರೂ ಒಂದೇ ಬೆಂಚಿನವರು. ಮೊದಮೊದಲು ಪೂಜಾಗೆ ಪ್ರೋಗ್ರಾಮಿನ ತಲೆಬುಡ ತಿಳಿಯುತ್ತಿರಲಿಲ್ಲ. ಹರಿಹರದ ಬಸ್ಸು ತಪ್ಪಿದರೂ ಚಿಂತೆಯಿಲ್ಲ ಎಂದು ನಿಖತ್ ಕೂತು ಬಿಡಿಸಿ ಹೇಳುತ್ತಿದ್ದಳು. ಪೂಜಾ ತನ್ನ ಡಬ್ಬಿಯ ರೊಟ್ಟಿ ಪಲ್ಯದಲ್ಲಿ ಅರ್ಧ ಅವಳಿಗೆ ಇಡುತ್ತಿದ್ದಳು. ಆಮೇಲೆ ಪೂಜಾಳ ಅಪ್ಪ ಮನೆಗೇ ಒಂದು ಕಂಪ್ಯೂಟರ್ ತಂದರು. ನೋಡಲು ಹೋದ ನಿಖತ್ ಅದರ ಮೇಲೆ ಹೊದಿಸಿದ್ದ ಕಸೂತಿ ಬಟ್ಟೆಯನ್ನು ಮುಟ್ಟಿ, ಚೆನ್ನಾಗಿದೆ ಎಂದಳು. ವಾಪಸು ಬರುವಾಗ ಬಸ್ಸಿನಲ್ಲಿ ಯಾರ ಮೇಲೆಂದು ತಿಳಿಯದ ಸಿಟ್ಟು ಬಂತು. ಅವಳು ಪ್ರೋಗ್ರಾಮು ಬರೆದು ಅಭ್ಯಾಸ ಮಾಡುತ್ತಿದ್ದದ್ದು ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ, ಪೆನ್ಸಿಲಿನಿಂದ.

ತೊಂಬತ್ತೆಂಟರಲ್ಲಿ ಇಬ್ಬರಿಗೂ ದಾವಣಗೆರೆಯಲ್ಲೇ ಬಸವಪ್ರಭು ಎಂಬವರ ಆಫೀಸಿನಲ್ಲಿ ಕೆಲಸ ಸಿಕ್ಕಿತು. ಊರಿಗೆ ಹೊಸದಾಗಿ ಬಂದಿದ್ದ ಇಂಟರ್‌ನೆಟ್ಟನ್ನು ನಂಬಿ ಅವರು ಒಂದು ವೆಬ್‌ಸೈಟು ಮಾಡಿಸುತ್ತಿದ್ದರು. ಲೋಡು ಇಳಿಸಿ ಖಾಲಿ ನಿಂತ ಲಾರಿಗಳ ವಿವರವನ್ನು ಬುಕಿಂಗ್ ಆಫೀಸುಗಳವರು ಅದರಲ್ಲಿ ತುಂಬಬೇಕು. ಮಾಲು ಕಳಿಸುವ ವ್ಯಾಪಾರಿಗಳು ಅದನ್ನು ನೋಡಿ ಲಾರಿ ಗೊತ್ತುಮಾಡಿಕೊಳ್ಳಬೇಕು. ಲಾರಿ ಹೊರಟ ಕೂಡಲೇ ‘ಹೋಗಿದೆ’ ಎಂದು ಗುರುತು ಹಾಕಬೇಕು. ಪುಟಗಳನ್ನೆಲ್ಲ ಬರೆದವಳು ನಿಖತ್. ಅವಳನ್ನು ಕೇಳದೆ ಬಸವಪ್ರಭು ಅದರಲ್ಲಿ ಏನನ್ನೂ ಬದಲಾಯಿಸುತ್ತಿರಲಿಲ್ಲ.

ತೊಡಕಾದದ್ದು ಲಾರಿ ನಂಬರಿನಲ್ಲಿ. ಒಬ್ಬರು ‘ಕೆಎ’ ಆದಮೇಲೆ ಜಾಗ ಬಿಟ್ಟು ಅಂಕಿ ಬರೆದರೆ ಇನ್ನೊಬ್ಬರು ನಡುವೆ ಗೆರೆ ಎಳೆಯುತ್ತಿದ್ದರು, ಮತ್ತೊಬ್ಬರು ಎಲ್ಲವನ್ನೂ ಅಂಟಿಸಿ ಬರೆಯುತ್ತಿದ್ದರು. ಲಾರಿ ಒಂದೇ ಆದರೂ ಕಂಪ್ಯೂಟರಿನ ಲೆಕ್ಕದಲ್ಲಿ ಮೂರು. ನಿಖತ್ ಒಂದೊಂದು ಪುಟದಲ್ಲಿ ಒಂದೊಂದು ತೇಪೆ ಹಾಕಿದ್ದಳು. ಒಂದು ಕಡೆ ಸರಿಮಾಡಿದರೆ ಇನ್ನೊಂದು ಕಡೆ ತಪ್ಪು ಹಾಗೇ ಉಳಿಯುತ್ತಿತ್ತು.

ಒಂದು ಬೆಳಿಗ್ಗೆ ಪೂಜಾ ಮನೆಯಿಂದ ಒಂದು ಫ್ಲಾಪಿ ತಂದಳು. ಪುಟದಲ್ಲಿ ತುಂಬುವ ಚೌಕಗಳಿಗೆ ಇವರು ಫೀಲ್ಡು ಎನ್ನುತ್ತಿದ್ದರು. ಹೆಸರಿನ ಫೀಲ್ಡು, ಊರಿನ ಫೀಲ್ಡು ಎಲ್ಲ ಒಂದೇ ಜಾತಿಯವು, ಏನು ಬರೆದರೂ ನುಂಗುವಂಥವು. ಪೂಜಾ ಲಾರಿ ನಂಬರಿಗೆಂದೇ ಹೊಸ ಜಾತಿಯ ಫೀಲ್ಡೊಂದನ್ನು ಹುಟ್ಟಿಸಿದ್ದಳು. ಹೇಗೆ ಬರೆದರೂ ಅದು ಜಾಗ, ಗೆರೆಗಳನ್ನು ಕಿತ್ತು ಒಂದೇ ರೂಪಕ್ಕೆ ತರುತ್ತಿತ್ತು. ಅಂಕಿಯೋ ಅಕ್ಷರವೋ ಕಡಿಮೆ ಬಿದ್ದರೆ ಮುಂದಕ್ಕೆ ಬಿಡದೆ, ತಪ್ಪೇನೆಂದು ಕೆಂಪಕ್ಷರದಲ್ಲಿ ಹೇಳುತ್ತಿತ್ತು. ನಿಯಮವೆಲ್ಲ ಒಂದೇ ಕಡೆ ಇತ್ತು. ಯಾವ ಪುಟಕ್ಕೆ ಬೇಕೋ ಆ ಪುಟ ಅದನ್ನು ಹೆಸರು ಹಿಡಿದು ಕರೆದರೆ ಸಾಕು.

ಬಸವಪ್ರಭು ಕುರ್ಚಿ ಎಳೆದುಕೊಂಡು ಬೇಕೆಂದೇ ತಪ್ಪು ನಂಬರು ಬರೆದು ಬರೆದು ನೋಡಿ ನಕ್ಕರು. ಎಲ್ಲರಿಗೂ ಮಿರ್ಚಿ ಮಂಡಕ್ಕಿ ತರಿಸಿದರು. ಅಂದಿನಿಂದ ಆಫೀಸಿಗೆ ಯಾರೇ ಬರಲಿ, ಮೊದಲು ತೋರಿಸುತ್ತಿದ್ದದ್ದು ಆ ಫೀಲ್ಡನ್ನೇ. ಪೂಜಾ ಮಾಡಿದ್ದು ಎಂದು ಹೆಮ್ಮೆಯಿಂದ ಹೇಳುತ್ತಿದ್ದರು. ಉಳಿದ ಸೈಟು ಯಾರದೆಂದು ಬಂದವರು ಕೇಳಲಿಲ್ಲ, ಇವರು ಹೇಳಲಿಲ್ಲ. ನಿಖತ್ ತನ್ನ ತೇಪೆಗಳನ್ನೆಲ್ಲ ತಾನೇ ಕಿತ್ತು ಆ ಜಾಗದಲ್ಲಿ ಪೂಜಾಳ ಫೀಲ್ಡನ್ನು ಕೂರಿಸಬೇಕಾಯಿತು.

ಎಲ್ಲರೆದುರು ನಗುತ್ತಿದ್ದಳು, ಒಳಗೆ ಹೊಟ್ಟೆ ಉರಿಯುತ್ತಿತ್ತು. ಪೂಜಾಗೆ ಅ ಆ ಇ ಈಯಿಂದ ಕಲಿಸಿದವಳು ತಾನು. ತನ್ನ ಮನೆಯಲ್ಲೂ ಒಂದು ಕಂಪ್ಯೂಟರ್ ಇದ್ದಿದ್ದರೆ ತಾನೂ ಮಾಡುತ್ತಿದ್ದೆ ಎಂದುಕೊಳ್ಳುತ್ತಿದ್ದಳು. ಅದು ಸುಳ್ಳೆಂದೂ ಅವಳಿಗೆ ಗೊತ್ತಿತ್ತು. ಆ ಫೀಲ್ಡನ್ನು ಕ್ಯಾಲೆಂಡರಿನ ಹಿಂಬದಿಯಲ್ಲೂ ಬರೆಯಬಹುದಿತ್ತು. ತನಗೆ ಹೊಳೆಯಲಿಲ್ಲ, ಅಷ್ಟೆ. ಎಲ್ಲಕ್ಕಿಂತ ಹೆಚ್ಚು ಚುಚ್ಚುತ್ತಿದ್ದದ್ದು ಅದೇ. ಪೂಜಾ ಡಬ್ಬಿ ಬಿಚ್ಚಿದರೆ ಹಸಿವಿಲ್ಲ ಎನ್ನತೊಡಗಿದಳು. ಮನೆಯಲ್ಲಿ ತಾಯಿ ಇಮಾಂಬೀ ಪೂಜಾಳ ಸುದ್ದಿ ಕೇಳಿದರೆ ಮಾತು ಬದಲಿಸುತ್ತಿದ್ದಳು.

ಹೀಗಿರುವಾಗ ಹರಿಹರದ ಬುಕಿಂಗ್ ಆಫೀಸೊಂದು ಸೈಟಿಗೆ ಸೇರಿತು. ಊರಿನವಳೇ ಆದ್ದರಿಂದ ಅಲ್ಲಿನ ಗುಮಾಸ್ತ ತೋಟಪ್ಪನಿಗೆ ಕಲಿಸಿಕೊಡಲು ನಿಖತ್ ಹೋದಳು. ಅಲ್ಲಿದ್ದದ್ದು ಯಾರೋ ಬಳಸಿ ಬಿಟ್ಟ ಹಳೇ ಕಂಪ್ಯೂಟರ್. ತೋಟಪ್ಪ ಒಂದೊಂದೇ ಅಕ್ಷರ ಹುಡುಕಿ ಒತ್ತಿ, ನಡುನಡುವೆ ಗೆರೆ ಹಾಕಿ ಲಾರಿ ನಂಬರು ಬರೆದ. ಕೊನೆಯ ಅಂಕಿಯನ್ನೇ ಬಿಟ್ಟಿದ್ದ. ಕೆಂಪಕ್ಷರ ಬರಲಿಲ್ಲ. ನಂಬರು ಬರೆದಂತೆಯೇ ಒಳಗೆ ಹೋಗಿಬಿಟ್ಟಿತು.

ನಿಖತ್‌ಗೆ ಆ ಕ್ಷಣವೇ ತಿಳಿಯಿತು. ಪೂಜಾಳ ತಪಾಸಣೆ ನಡೆಯುವುದು ಬರೆಯುವವರ ಕಂಪ್ಯೂಟರಿನಲ್ಲಿ, ಕಳಿಸುವ ಮುನ್ನ. ಇಂಥ ಹಳೇ ಬ್ರೌಸರಿನಲ್ಲಿ ಅದು ಓಡುವುದೇ ಇಲ್ಲ. ಬೆಂಗಳೂರಿನ ಸರ್ವರಿನಲ್ಲಿ, ವಿವರ ಬಂದು ಸೇರುವ ಕಡೆ, ಇನ್ನೊಮ್ಮೆ ನೋಡುವ ಏರ್ಪಾಡು ಇರಬೇಕಿತ್ತು. ಪೂಜಾ ಅದನ್ನು ಮರೆತಿದ್ದಳು. ಮೇಜಿನ ಮೇಲೆ ಫೋನಿತ್ತು. ನಿಖತ್ ಅದನ್ನು ನೋಡಿದಳು. ಎದೆಯಲ್ಲಿ ಏನೋ ತಣ್ಣಗಾಯಿತು, ಬಹಳ ದಿನದ ಮೇಲೆ.

ಇದು ಸರಿಯೇನವ್ವ ಎಂದು ತೋಟಪ್ಪ ಕೇಳಿದ.

“ಸರಿ ಐತ್ರಿ. ಹಿಂಗೇ ಮಾಡ್ಕಂತ ಹೋಗ್ರಿ,” ಎಂದಳು.

ನಂದಿಗುಡಿಯಲ್ಲಿ ಭತ್ತದ ವ್ಯಾಪಾರ ಮಾಡುವ ಕಲ್ಲೇಶಪ್ಪ ಸಿಟ್ಟಿನಿಂದ ದಾವಣಗೆರೆಗೆ ಬರುವವರೆಗೂ ಅದು ಹಾಗೇ ನಡೆಯಿತು. ಅವರು ಸೈಟಿನಲ್ಲಿ ಹರಿಹರದ ಲಾರಿಯೊಂದನ್ನು ಖಾಲಿಯಿದೆ ಎಂದು ನೋಡಿ, ಅಲ್ಲೇ ಗೊತ್ತುಮಾಡಿ, ಚೀಲಗಳನ್ನು ಹೊರಿಸಿ ರಸ್ತೆಗೆ ತರಿಸಿದ್ದರು. ದಿನವಿಡೀ ಕಾದರೂ ಲಾರಿ ಬರಲಿಲ್ಲ.

“ನಿಮ್ ಕಂಪ್ಯೂಟರ್ನಾಗೆ ಲಾರಿ ಖಾಲಿ ಐತೆ ಅಂತೈತಲ್ರಿ. ವಿಚಾರಿಸಿದ್ರೆ ಅದು ಹುಬ್ಬಳ್ಳಿ ದಾಟೈತೆ,” ಎಂದರು ಬಸವಪ್ರಭುಗಳಿಗೆ.

ತೋಟಪ್ಪ ಲಾರಿಯನ್ನು ಸೇರಿಸುವಾಗ ನಂಬರನ್ನು ಒಂದು ರೀತಿ ಬರೆದಿದ್ದ, ಹೊರಟಾಗ ಗುರುತು ಹಾಕುವಾಗ ಇನ್ನೊಂದು ರೀತಿ ಬರೆದಿದ್ದ. ಕಂಪ್ಯೂಟರಿನ ಲೆಕ್ಕದಲ್ಲಿ ಹೋದ ಲಾರಿಯೇ ಒಂದು, ಖಾಲಿ ಉಳಿದದ್ದು ಇನ್ನೊಂದು. ಬಸವಪ್ರಭು ಎಲ್ಲರೆದುರು ಪೂಜಾಳನ್ನು ಬೈದರು. ತನ್ನ ಮಿಷಿನ್ನಿನಲ್ಲಿ ಸರಿಯಾಗಿ ಬರುತ್ತದೆ ಎಂದು ಅವಳು ಮತ್ತೆ ಮತ್ತೆ ಮಾಡಿ ತೋರಿಸಿದಳು. ಪ್ರತಿ ಸಲವೂ ಸರಿಯಾಗಿಯೇ ಬಂತು, ಪ್ರತಿ ಸಲವೂ ಅವಳ ಮುಖ ಇನ್ನಷ್ಟು ಸಣ್ಣದಾಯಿತು. ಕೊನೆಗೆ ಬಸವಪ್ರಭು ನಿಖತ್ ಕಡೆ ತಿರುಗಿ, ಈ ಫೀಲ್ಡನ್ನು ಎಲ್ಲ ಪುಟದಿಂದ ಕಿತ್ತು ಮೊದಲಿನ ಹಾಗೇ ಮಾಡು ಎಂದರು.

ನಿಖತ್ ಬಯಸಿದ್ದೂ ಅದನ್ನೇ. ಕೀಳಲೆಂದು ಪೂಜಾ ಬರೆದದ್ದನ್ನು ತೆರೆದು ಓದತೊಡಗಿದಳು. ಇಷ್ಟು ದಿನ ಸಿಟ್ಟಿನಲ್ಲಿ ಅದನ್ನು ನೆಟ್ಟಗೆ ಓದಿಯೇ ಇರಲಿಲ್ಲ. ಒಂದು ಗೆರೆಯೂ ಹೆಚ್ಚಿರಲಿಲ್ಲ. ಇದೇ ಅಚ್ಚಿನಲ್ಲಿ ಫೋನ್ ನಂಬರಿಗೊಂದು, ತಾರೀಕಿಗೊಂದು, ಟನ್ನಿನ ತೂಕಕ್ಕೊಂದು ಫೀಲ್ಡು ಎರಕ ಹೊಯ್ದಂತೆ ಮಾಡಬಹುದಿತ್ತು. ಅವಳಿಗೆ ಅಳು ಬಂತು. ಪಶ್ಚಾತ್ತಾಪದಿಂದಲ್ಲ, ಇದು ತನ್ನದಲ್ಲವಲ್ಲ ಎಂಬ ಸಂಕಟದಿಂದ. ಅಷ್ಟಾದರೂ ಅದನ್ನು ಕೀಳಲು ಕೈ ಬರಲಿಲ್ಲ. ಅವೇ ನಿಯಮಗಳನ್ನು ಸರ್ವರಿನ ಕಡೆಗೂ ಬರೆದು ಸೇರಿಸಿದಳು. ಹಳೇ ಬ್ರೌಸರಿನಿಂದ ತಪ್ಪು ನಂಬರು ಕಳಿಸಿ ನೋಡಿದಳು. ಈ ಸಲ ಕೆಂಪಕ್ಷರ ತಿರುಗಿ ಬಂತು.

ಆಮೇಲೆ ಪೂಜಾಳನ್ನು ಆಫೀಸಿನ ಮೆಟ್ಟಿಲ ಹತ್ತಿರ ಕರೆದು ಹೇಳಿದಳು. “ಹರಿಹರದ ಮಿಷಿನ್ನಾಗೆ ನಿನ್ ಚೆಕ್ಕು ಓಡ್ತಿರಲಿಲ್ಲ. ಈಗ ಸರ್ವರ್ ಕಡೀಗೂ ಹಾಕೀನಿ. ನಾನು ತೋಟಪ್ಪಗೆ ಕಲಿಸಾಕೆ ಹೋದಾಗ್ಲೇ ನೋಡಿದ್ದೆ.”

ಪೂಜಾ ಅವಳನ್ನೇ ನೋಡುತ್ತ ನಿಂತಳು. “ಅವತ್ತೇ ಗೊತ್ತಿತ್ತಾ?”

“ಗೊತ್ತಿತ್ತು.”

“ಮತ್ಯಾಕ ಹೇಳ್ಲಿಲ್ಲ?”

“ನೀನು ಮಾಡಿದ್ದು ಅಂತ,” ಎಂದಳು ನಿಖತ್. ಬೇರೆ ಕಾರಣ ಹುಡುಕಿದರೂ ಸಿಗಲಿಲ್ಲ.

ಪೂಜಾ ಜಗಳವಾಡಲಿಲ್ಲ. ಒಳಗೆ ಹೋಗಿ ಬ್ಯಾಗು ತೆಗೆದುಕೊಂಡು ಮನೆಗೆ ನಡೆದಳು. ನಿಖತ್ ಬಸವಪ್ರಭುಗಳಿಗೂ ಇದ್ದದ್ದನ್ನು ಇದ್ದಂತೆ ಹೇಳಿದಳು. ಅವರು, ಫೀಲ್ಡು ಇರಲಿ, ಕಲ್ಲೇಶಪ್ಪನವರಿಗೆ ನೀನೇ ಹೋಗಿ ತಪ್ಪಾಯಿತೆಂದು ಹೇಳಿ ಬಾ ಎಂದರು. ನಂದಿಗುಡಿಗೆ ಹೋಗಿ ಹೇಳಿ ಬಂದಳು. ಪೂಜಾ ಮಾರನೆಯ ದಿನ ಕೆಲಸಕ್ಕೆ ಬಂದಳು, ಕೇಳಿದ್ದಕ್ಕೆ ಉತ್ತರ ಕೊಟ್ಟಳು, ಊಟಕ್ಕೆ ಬೇರೆ ಕಡೆ ಕೂತಳು. ಕೆಲವು ತಿಂಗಳಲ್ಲಿ ದಾವಣಗೆರೆಯದೇ ಕಾಲೇಜೊಂದರಲ್ಲಿ ಕಂಪ್ಯೂಟರ್ ಕಲಿಸುವ ಕೆಲಸ ಹಿಡಿದು ಹೊರಟುಹೋದಳು.

ಲಾರಿಗಳ ಸೈಟು ಹೆಚ್ಚು ಕಾಲ ಬಾಳಲಿಲ್ಲ. ಬುಕಿಂಗ್‌ನವರಿಗೆ ಫೋನೇ ಸಲೀಸಾಗಿತ್ತು. ನಿಖತ್ ಹರಿಹರದಲ್ಲಿ ತಂದೆಯ ಅಂಗಡಿಯ ಮೇಲಿನ ಕೋಣೆಯಲ್ಲಿ ಸಣ್ಣದೊಂದು ಕ್ಲಾಸು ಶುರುಮಾಡಿದಳು. ಹೆಣ್ಣುಮಕ್ಕಳು ತುಂಬ ಬಂದರು. ಅವರು ಬರೆಯಬೇಕಿದ್ದ ಪರೀಕ್ಷೆಯ ವಿಚಾರ ಕೇಳಲು ಒಮ್ಮೆ ಪೂಜಾಳ ಕಾಲೇಜಿಗೆ ಹೋಗಲೇಬೇಕಾಯಿತು. ಪೂಜಾ ಎದ್ದು ನಿಂತು, “ಬರ್ರಿ ನಿಖತ್, ಕೂಡ್ರಿ,” ಎಂದಳು. ಒಂದೇ ಬೆಂಚಿನಲ್ಲಿ ಕೂತು ನೀನು ಎಂದೇ ಮಾತಾಡುತ್ತಿದ್ದವಳ ಬಾಯಲ್ಲಿ ಆ ಮರ್ಯಾದೆ ಕೇಳಿ ನಿಖತ್‌ಗೆ ಕೂರುವುದೇ ಕಷ್ಟವಾಯಿತು.

ಮೇಜಿನ ಮೇಲಿನ ಕಂಪ್ಯೂಟರಿನಲ್ಲಿ ಪೂಜಾ ಕಾಲೇಜಿಗಾಗಿ ಮಾಡುತ್ತಿದ್ದ ಪುಟ ತೆರೆದಿತ್ತು. ಹುಟ್ಟಿದ ತಾರೀಕು ತುಂಬಿದ ಕೂಡಲೇ ಪಕ್ಕದಲ್ಲಿ ವಯಸ್ಸು ತಾನಾಗಿ ಬಂದು ಕೂರುವಂತೆ ಬರೆದಿದ್ದ ಸಾಲುಗಳು ನಿಖತ್ ಕಣ್ಣಿಗೆ ಬಿದ್ದವು. ಪೂಜಾ ಅದನ್ನು ತೋರಿಸಲಿಲ್ಲ, ನಿಖತ್ ಕೇಳಲಿಲ್ಲ. ಪರೀಕ್ಷೆಯ ಮಾತು ಮುಗಿಸಿ ಚಹಾ ಕುಡಿದು ಎದ್ದಳು. ಹರಿಹರ ಮುಟ್ಟುವವರೆಗೂ ಬಸ್ಸಿನ ಕಿಟಕಿಯ ಪಕ್ಕ ಕೂತು, ನಾಲ್ಕು ವರ್ಷಕ್ಕೊಮ್ಮೆ ಬರುವ ಫೆಬ್ರವರಿ ಇಪ್ಪತ್ತೊಂಬತ್ತಕ್ಕೆ ಹುಟ್ಟಿದವರ ವಯಸ್ಸನ್ನು ಪೂಜಾ ಹೇಗೆ ಸಂಭಾಳಿಸಿರಬಹುದು ಎಂದು ಮನಸ್ಸಿನಲ್ಲೇ ಬರೆದು ಬರೆದು ಅಳಿಸುತ್ತಿದ್ದಳು.