ನೀರು ಕೇಳಿದ ಸಾಬಣ್ಣ

ಸಾಬಣ್ಣನ ಬಲ ಹೆಗಲು ಎಡ ಹೆಗಲಿಗಿಂತ ಎರಡು ಬೆರಳು ಕೆಳಗಿತ್ತು. ಎಂಥ ಟೇಲರ್ ಅಂಗಿ ಹೊಲಿದರೂ ಒಂದು ಕಡೆ ಜೋಲು ಬೀಳುತ್ತಿತ್ತು. ಶಹಾಪುರ, ಸುರಪುರಗಳ ನಡುವಿನ ಕಾಲುವೆಯ ಗೇಟು ತಿರುವಿ ತಿರುವಿ ಆದದ್ದು ಅದು. ಗೇಟು ಏರಿಸಿ ಇಳಿಸುವ ನೌಕರನಿಗೆ ನಮ್ಮ ಕಡೆ ಲಸ್ಕರ್ ಎನ್ನುತ್ತಾರೆ. ಬೇರೆ ಲಸ್ಕರುಗಳೂ ಅಷ್ಟೇ ವರ್ಷ ತಿರುವಿದ್ದಾರೆ, ಅವರ ಹೆಗಲು ನೆಟ್ಟಗೇ ಇವೆ. ಯಾಕೆಂದು ಕೇಳಿದರೆ ಸಾಬಣ್ಣ, "ಅವ್ರು ಎರಡೂ ಕೈಲೆ ತಿರುವ್ತಾರ್ರಿ ಸರ. ನನ್ನ ಎಡಗೈ ಯಾವಾಗೂ ಗೇಟಿನ ಕಂಬಿ ಮ್ಯಾಲಿರ್ತದ. ನೀರ ಎಷ್ಟ ಹೊಂಟಾವ ಅನ್ನೂದು ಕಂಬಿ ನಡುಗೂದ್ರಾಗ ಗೊತ್ತಾಗ್ತದ" ಎನ್ನುತ್ತಿದ್ದ.

ಕಾಲುವೆ ಬಂದ ಹೊಸತರಲ್ಲಿ ನಾನು ಅಲ್ಲಿಯ ಹಳ್ಳಿಯೊಂದರಲ್ಲಿ ಮಾಸ್ತರನಾಗಿದ್ದೆ. ಜೋಳ, ತೊಗರಿ ಬೆಳೆಯುತ್ತಿದ್ದ ಎರೆಹೊಲದಲ್ಲಿ ಭತ್ತ ನಿಂತಿತು. ಜನ ದಾರಿಯಲ್ಲಿ ಸಿಕ್ಕರೆ "ಊಟಾತೇನ್ರಿ" ಎನ್ನುವುದು ಬಿಟ್ಟು "ನೀರ ಬಂದಾವೇನ್ರಿ" ಎನ್ನತೊಡಗಿದರು. ಸಾಬಣ್ಣನದು ಒಂದೇ ಕಾಯ್ದೆ. ಕಾಲುವೆಯ ತುದಿಯಲ್ಲಿರುವ ಕಡೆಯ ಹೊಲ ಮೊದಲು ತೊಯ್ಯಬೇಕು. ಮೇಲ್ಗಡೆ ಹೊಲದ ಗೌಡರೊಬ್ಬರು ಜೀಪು ತಂದು ನಿಲ್ಲಿಸಿ ಗದರಿಸಿದಾಗ ಇವನು ಗೇಟಿನ ಹ್ಯಾಂಡಲ್ ಕಳಚಿ, ಅದರ ಮೇಲೆ ಕೂತು, ಬುತ್ತಿ ಬಿಚ್ಚಿ ರೊಟ್ಟಿ ತಿನ್ನತೊಡಗಿದ. "ಗೌಡ್ರ, ನೀರಿಗಿ ಕಣ್ಣಿಲ್ಲ, ಮುಂದ ಬಂದ ಹೊಲಕ್ಕ ನುಗ್ತದ. ನನಗ ಕಣ್ಣ ಅವ. ಬರ್ರಿ, ರೊಟ್ಟಿ ತಿನ್ರಿ." ಗೌಡರು ಜೀಪು ತಿರುಗಿಸಿಕೊಂಡು ಹೋದರು. ಅಂದಿನಿಂದ ನಾನು ಅವನ ಸ್ನೇಹಿತ.

ಆದರೆ ಎಂಥ ಸ್ನೇಹಿತ? ಅವನು ನನಗೆ "ರೀ ಸರ" ಎನ್ನುತ್ತಿದ್ದ, ನಾನು ಅವನಿಗೆ "ನೀ" ಎನ್ನುತ್ತಿದ್ದೆ. ಅವನ ಮನೆಯವರು ಬೌದ್ಧರು, ಊರ ಹೊರಗಿನ ಓಣಿಯವರು. ಅವನು ಬಿಟ್ಟ ನೀರಿಗೆ ಕಾಯುತ್ತಿದ್ದ ಮನೆಗಳಲ್ಲೇ ಅವನಿಗೆ ಕುಡಿಯುವ ನೀರನ್ನು ಮೇಲಿನಿಂದ ಬೊಗಸೆಗೆ ಹೊಯ್ಯುತ್ತಿದ್ದರು. ಸುರಪುರದ ನಮ್ಮ ಮನೆ ತುಸು ಸುಧಾರಿಸಿತ್ತು, ಅಂದರೆ ಅವನಿಗೆಂದೇ ಪಡಸಾಲೆಯ ಗೂಡಿನಲ್ಲಿ ಅಂಚು ನೆಗ್ಗಿದ ಸ್ಟೀಲ್ ಗ್ಲಾಸು ಇತ್ತು. ಕುಡಿದ ಮೇಲೆ ತಾನೇ ತೊಳೆದು ಇಡುತ್ತಿದ್ದ. ಅದನ್ನಿಟ್ಟವಳು ನಮ್ಮವ್ವ. ಅವ್ವ ಹೋದ ಮೇಲೂ ಗ್ಲಾಸು ಅಲ್ಲೇ ಉಳಿಯಿತು. ಹೆಂಡತಿ ತೆಗೆಯಲಿಲ್ಲ, ನಾನೂ ತೆಗೆಯಲಿಲ್ಲ. ಶಾಲೆಯಲ್ಲಿ ಸಮಾನತೆಯ ಪಾಠ ಮಾಡಿ ಬಂದು ಆ ಗೂಡಿನ ಕೆಳಗೇ ಕೂತು ಪೇಪರು ಓದುತ್ತಿದ್ದೆ. ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ.

ನಾವಿಬ್ಬರೂ ನಿವೃತ್ತರಾದ ಮೇಲೆ ಯಾದಗಿರಿಯ ಅವನ ಬಂಧುಗಳು ಬೌದ್ಧ ಯಾತ್ರೆ ಹೊರಡಿಸಿದರು. ಕೊಲಂಬೊ, ಕ್ಯಾಂಡಿ, ಕೊನೆಗೆ ಬ್ಯಾಂಕಾಕ್. ಅವನ ಹೆಂಡತಿ ಮಲ್ಲಮ್ಮ "ಹಾರೂದ್ರಾಗ ನಾ ಕೂಡಾಕಿ ಅಲ್ಲ" ಎಂದು ಖಡಾಖಂಡಿತವಾಗಿ ಹೇಳಿದ್ದರಿಂದ ಅವಳ ಜಾಗ ನನಗೆ ಸಿಕ್ಕಿತು. ಹೈದರಾಬಾದಿನ ವಿಮಾನ ನಿಲ್ದಾಣದಲ್ಲಿ ತಪಾಸಣೆಯವರು ಅವನ ಚೀಲದ ನೀರಿನ ಬಾಟಲಿ ತೆಗೆದಿಟ್ಟುಕೊಂಡರು. ಸಾಬಣ್ಣ ಬೆರಗಾಗಿ ನಿಂತ. "ನೌಕರಿ ಮಾಡೂ ತನಕ ಮಂದಿಗಿ ನೀರ ಬಿಟ್ಟೆ ಸರ. ಇವ್ರು ನನ್ನ ಒಂದ ಬಾಟ್ಲಿ ಬಿಡವಲ್ರು ನೋಡ್ರಿ!"

ಕೊಲಂಬೊದಲ್ಲಿ ಮೊದಲ ಬೆಳಿಗ್ಗೆಯೇ ಅವನು ನನಗೆ ಕಿರಿಕಿರಿ ಮಾಡಿದ. ನಾವು ಇಳಿದುಕೊಂಡಿದ್ದ ಓಣಿಯಲ್ಲಿ ಮುದುಕಿಯೊಬ್ಬಳು ಅಂಗಳ ಗುಡಿಸುತ್ತಿದ್ದಳು. ಇವನು ಗೇಟಿನ ಹತ್ತಿರ ಹೋಗಿ, ಹೆಬ್ಬೆರಳು ಬಾಯಿಗೆ ಹಿಡಿದು ನೀರು ಕೇಳಿದ. ಅವಳು ಒಳಗೆ ಹೋಗಿ ಗಾಜಿನ ಲೋಟವನ್ನು ಬಸಿಯ ಮೇಲಿಟ್ಟು ತಂದು ಎರಡೂ ಕೈಯಿಂದ ಕೊಟ್ಟಳು. ಇವನು ತುಟಿ ಹಚ್ಚಿ, ಗುಟುಕು ಗುಟುಕಾಗಿ, ಮದುವೆ ಮನೆಯ ಪಾಯಸ ಕುಡಿದಂತೆ ಕುಡಿದ.

"ಚೀಲದಾಗ ಇಲ್ಲೇ ಕೊಂಡ ತುಂಬಿದ ಬಾಟ್ಲಿ ಅದ. ಮಂದಿ ಬಾಗ್ಲಾಗ ಯಾಕ ನಿಂತಿ?" ಎಂದು ಗದರಿಸಿದೆ.

"ಊರ ನೀರ ಹ್ಯಾಂಗ ಅವ ನೋಡಬೇಕಲ್ರಿ" ಎಂದು ನಕ್ಕ.

ಲಸ್ಕರನ ಚಾಳಿ ಎಂದುಕೊಂಡು ಸುಮ್ಮನಾದೆ. ಕ್ಯಾಂಡಿಯಲ್ಲಿ ಮತ್ತೆ ಅದೇ. ತಂಡದವರೆಲ್ಲ ಬುದ್ಧನ ಹಲ್ಲು ಇಟ್ಟಿರುವ ದಂತ ಮಂದಿರದ ಸಾಲಿನಲ್ಲಿದ್ದರೆ ಇವನು ಎದುರಿನ ಟೇಲರ್ ಅಂಗಡಿಗೆ ನುಗ್ಗಿ ನೀರು ಕೇಳಿದ. ಟೇಲರ್ ತಾನು ಕುಡಿಯುತ್ತಿದ್ದ ಮಗ್ಗನ್ನೇ ತೊಳೆದು ತುಂಬಿ ಕೊಟ್ಟ. ಬದಲಿಗೆ ಸಾಬಣ್ಣ ಖಡಕ್ ರೊಟ್ಟಿಯ ಮೇಲೆ ನಮ್ಮ ಕಡೆಯ ಶೇಂಗಾ ಹಿಂಡಿ, ಅಂದರೆ ಖಾರದ ಚಟ್ನಿಪುಡಿ, ಹಾಕಿ ಕೊಟ್ಟ. ಟೇಲರನ ಕಣ್ಣು ಮೂಗಿನಲ್ಲೆಲ್ಲ ನೀರು ಬಂತು. ಆದರೂ ಇನ್ನೊಂದು ರೊಟ್ಟಿಗೆ ಕೈ ಚಾಚಿದ. ಆಮೇಲೆ ಅವನು ಸಾಬಣ್ಣನ ಅಂಗಿಯನ್ನು ದಿಟ್ಟಿಸಿ ನೋಡಿ, ಬಿಚ್ಚಿಸಿ, ಬಲಗಡೆ ಬಟ್ಟೆಯ ಮೆತ್ತೆಯಿಟ್ಟು ಹೊಲಿದುಕೊಟ್ಟ. ಸಾಬಣ್ಣನ ಹೆಗಲು ಮೊದಲ ಸಲ ನೆಟ್ಟಗೆ ಕಂಡದ್ದು ಪರದೇಶದಲ್ಲಿ!

ಬ್ಯಾಂಕಾಕಿನಲ್ಲಿ ಮನೆಗಳ ಬೆನ್ನಿಗೇ ಕಾಲುವೆಗಳು. ಒಂದು ಸಣ್ಣ ಗೇಟಿಗೆ ಕಸ, ಜಲಬಳ್ಳಿ ಸಿಕ್ಕಿ ನೀರು ಕಟ್ಟಿತ್ತು. ನೋಡಿಕೊಂಡು ಮುಂದೆ ಹೋಗುವುದು ಸಾಬಣ್ಣನಿಗೆ ಆಗಲಿಲ್ಲ. "ಸರ, ಚೀಲ ಹಿಡೀರಿ" ಎಂದವನೇ ಪ್ಯಾಂಟು ಮಡಚಿ, ಅಲ್ಲೇ ಬಿದ್ದಿದ್ದ ಬಿದಿರಿನಿಂದ ಕಸ ಎಳೆಯತೊಡಗಿದ. ಖಾಕಿ ಟೋಪಿಯವನೊಬ್ಬ ಕೂಗಾಡುತ್ತ ಓಡಿ ಬಂದ. ಪರದೇಶದ ಜೈಲು ನನ್ನ ಕಣ್ಣ ಮುಂದೆ ಬಂತು. ಸಾಬಣ್ಣ ಗಾಬರಿಯಾಗದೆ ಬಿದಿರು ಕೆಳಗಿಟ್ಟು, ಗೇಟು ತೋರಿಸಿ, ತಿರುವಿದಂತೆ ಮಾಡಿ, ತನ್ನ ಬಲ ಅಂಗೈ ಬಿಚ್ಚಿ ತೋರಿಸಿದ. ಹೆಬ್ಬೆರಳ ಬುಡದಲ್ಲಿ ಹುಣಸೆಬೀಜದಷ್ಟು ಜಡ್ಡು. ಆ ಮನುಷ್ಯ ಸ್ವಲ್ಪ ಹೊತ್ತು ನೋಡಿ ತನ್ನ ಅಂಗೈ ಬಿಚ್ಚಿದ. ಅದೇ ಜಾಗದಲ್ಲಿ ಅಂಥದೇ ಜಡ್ಡು. ಅವನೂ ಲಸ್ಕರ್!

ಇಬ್ಬರೂ ಸೇರಿ ಕಸ ತೆಗೆದರು. ಒಬ್ಬರ ಮಾತು ಒಬ್ಬರಿಗೆ ತಿಳಿಯದಿದ್ದರೂ ಬಾಯಿಗೆ ಬಿಡುವಿರಲಿಲ್ಲ. ನೀರು ಹರಿದ ಮೇಲೆ ಸಾಬಣ್ಣ ಎಂದಿನಂತೆ ಹೆಬ್ಬೆರಳು ಬಾಯಿಗೆ ಹಿಡಿದ. ಆತ ಥರ್ಮಾಸಿನಿಂದ ಬಟ್ಟಲಿಗೆ ಬಗ್ಗಿಸಿ, ಅರ್ಧ ತಾನು ಕುಡಿದು, ಉಳಿದರ್ಧ ಚಾಚಿದ. ಸಾಬಣ್ಣ ಬಟ್ಟಲು ಹಿಡಿದು ಕೂತೇಬಿಟ್ಟ. ಒಂದು ಹನಿ ಬಿಡದೆ ಕುಡಿದ.

ಆತ ಹೋದ ಮೇಲೆ "ಏನಾತೋ?" ಎಂದೆ.

"ಮೂರು ಊರಾಗ ಕೇಳ್ದೆ ಸರ. ನೀ ಯಾವಾತ, ಯಾವ ಓಣಿಯಾಂವ ಅಂತ ಒಬ್ರೂ ಕೇಳಲಿಲ್ಲ." ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡ. "ಖರೇ ಹೇಳಬೇಕಂದ್ರ ನೀರ ನೋಡಾಕಲ್ರಿ ಕೇಳಿದ್ದು. ಊರಾಗ ಒಂದ ಮನಿಯಾಗ ಕೇಳೂದದ. ಇಷ್ಟ ದಿನ ಬಾಯಿ ಬರವಲ್ದಾಗಿತ್ತು. ಅದಕ್ಕ ಇಲ್ಲಿ ರೂಢಿ ಮಾಡ್ಕೊಳ್ಳಾಕತ್ತಿದ್ದೆ."

"ಯಾರ ಮನಿ?"

"ನಿಮ್ಮದ್ರಿ ಸರ."

ಕಾಲುವೆಗೆ ಹಾರಿಬಿಡೋಣ ಎನ್ನಿಸಿತು. ಹೋದ ಕೂಡಲೇ ಆ ಗ್ಲಾಸು ಎಸೆಯುತ್ತೇನೆ, ಹೆಂಡತಿಗೆ ಹೇಳುತ್ತೇನೆ ಎಂದೆಲ್ಲ ತೊದಲಿದೆ. ಅವನು ಕೈ ಅಡ್ಡ ಹಿಡಿದ. "ನೀವು ಬಾಯಿ ಬಿಡಬ್ಯಾಡ್ರಿ. ನಾ ಕೇಳಿ ಕುಡೀತೀನಿ." ಆಗಲಿ ಎಂದು ಮಾತು ಕೊಟ್ಟೆ.

ಊರಿಗೆ ಬಂದ ನಾಲ್ಕನೆಯ ದಿನ ಕ್ಯಾಂಡಿಯ ಮೆತ್ತೆಯ ಅಂಗಿ ತೊಟ್ಟು ಬಂದ. ಪಡಸಾಲೆಯಲ್ಲಿ ನಿಂತು, "ಅಕ್ಕಾರ, ನೀರ ಕೊಡ್ರಿ" ಎಂದ. ದನಿ ಸ್ವಲ್ಪ ಹೆಚ್ಚೇ ಜೋರಾಗಿತ್ತು. ನನ್ನ ಹೆಂಡತಿ ತಂಬಿಗೆ ಹಿಡಿದು ಬಂದು, ರೂಢಿಯಂತೆ ಗೂಡಿಗೆ ಕೈ ಹಾಕಿದಳು.

"ಅದಲ್ರಿ ಅಕ್ಕಾರ. ಒಳಗಿಂದು."

ಅವಳ ಕೈ ಗೂಡಿನಲ್ಲೇ ನಿಂತಿತು. ಅವನನ್ನು ನೋಡಿದಳು, ನನ್ನನ್ನು ನೋಡಿದಳು. ಮಾತು ಕೊಟ್ಟಿದ್ದೆ, ಬಾಯಿ ಬಿಡಲಿಲ್ಲ. ಅಷ್ಟು ಕಷ್ಟಪಟ್ಟು ನಾನು ಎಂದೂ ಸುಮ್ಮನಿದ್ದಿಲ್ಲ. ಅವಳು ಒಳಗೆ ಹೋದಳು. ಅಡುಗೆಮನೆಯಲ್ಲಿ ಪಾತ್ರೆ ಒಂದೊಂದಾಗಿ ಸರಿಸುವ ಸಪ್ಪಳ ಕೇಳಿತು. ಬಂದಾಗ ಕೈಯಲ್ಲಿ ದಿನಾಲೂ ನಾನು ಕುಡಿಯುವ ತಾಮ್ರದ ಲೋಟವಿತ್ತು. "ತಗೋರಿ ಸಾಬಣ್ಣ" ಎಂದು ಕೊಟ್ಟಳು. ಅವಳು ಅವನಿಗೆ "ರಿ" ಹಚ್ಚಿದ್ದು ಅದೇ ಮೊದಲು.

ಅವನು ಕುಡಿದು ಮೀಸೆ ಒರೆಸಿಕೊಂಡ. ನಮ್ಮ ನಳಕ್ಕೆ ಬರುವುದು ಅವನ ಕಾಲುವೆಯದೇ ನೀರು. "ಮೂರು ಊರಿನ ನೀರ ಕುಡಿದೀನ್ರಿ ಅಕ್ಕಾರ. ನಾ ಬಿಟ್ಟ ನೀರ ಇಷ್ಟ ಸವಿ ಅವ ಅಂತ ಇವತ್ತ ಗೊತ್ತಾತು" ಎಂದ. ಆ ದಿನ ಅವನ ಸ್ನೇಹಿತ ಎಂದು ಹೇಳಿಕೊಳ್ಳಲು ನನಗೆ ಎಷ್ಟು ಹೆಮ್ಮೆಯಾಯಿತೆಂದರೆ, ಎಷ್ಟು ದೇಶ ತಿರುಗಿದ್ದರೂ ಅಷ್ಟು ಆಗುತ್ತಿರಲಿಲ್ಲ. ಹೊರಡುವಾಗ ಗೂಡಿನ ಗ್ಲಾಸನ್ನು ಚೀಲಕ್ಕೆ ಹಾಕಿಕೊಂಡ. "ಇದು ನಂದ ಅಲ್ಲೇನ್ರಿ? ಒಯ್ತೀನಿ."

ಎರಡು ವರ್ಷಕ್ಕೆ ಸಾಬಣ್ಣ ತೀರಿಕೊಂಡ. ಅವನ ಕಾಲುವೆಗೆ ನೀರು ಬಿಟ್ಟ ವಾರವೇ. ಮೂರನೆಯ ದಿನ ನಾವು ಗಂಡ ಹೆಂಡತಿ ಅವನ ಮನೆಗೆ ಹೋದೆವು. ನಾನು ಆ ಮನೆಯ ಹೊಸ್ತಿಲು ದಾಟಿದ್ದು ಅದೇ ಮೊದಲ ಸಲ. ಮಲ್ಲಮ್ಮ ಕಣ್ಣೊರೆಸಿಕೊಳ್ಳುತ್ತ ಇಬ್ಬರಿಗೂ ನೀರು ತಂದುಕೊಟ್ಟಳು. ನನ್ನ ಹೆಂಡತಿಯ ಕೈಗೆ ಬಂದದ್ದು ಅಂಚು ನೆಗ್ಗಿದ ಸ್ಟೀಲ್ ಗ್ಲಾಸು. ಮಲ್ಲಮ್ಮನಿಗೆ ಅದರ ಕತೆ ಗೊತ್ತಿತ್ತೋ ಇಲ್ಲವೋ ತಿಳಿಯದು. ಹೆಂಡತಿ ಆ ನೆಗ್ಗಿನ ಮೇಲೆ ಒಮ್ಮೆ ಬೆರಳಾಡಿಸಿದಳು. ತುಟಿ ಹಚ್ಚಿ ಪೂರ್ತಿ ಕುಡಿದಳು. ಖಾಲಿ ಗ್ಲಾಸನ್ನು ಮುಂದೆ ಹಿಡಿದು, "ಅಕ್ಕಾ, ಇನ್ನಷ್ಟು ನೀರ ಕೊಡ್ರಿ" ಎಂದಳು.