ನಾರ್ಮಲ್ ರಿಪೋರ್ಟಿನ ನೋವು

೧೯೮೭ರಲ್ಲಿ ನಾನು ಶಾಲೆ ಬಿಟ್ಟೆ. ಏಳನೇ ತರಗತಿ ಫೇಲಾಗಿ ಅಲ್ಲ, ಪಾಸಾಗಿಯೇ ಬಿಟ್ಟದ್ದು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಶಾಲೆ ಬಿಟ್ಟವನು ಎಂದ ಕೂಡಲೇ ಜನ ತಮ್ಮದೇ ಲೆಕ್ಕ ಹಾಕಿಕೊಳ್ಳುತ್ತಾರೆ. ಕಾರ್ಕಳದಲ್ಲಿ ನನ್ನ ಸೋದರಮಾವ ಕಲ್ಲಿನ ಕೆಲಸ ಮಾಡುತ್ತಿದ್ದರು. ಅವರ ಹತ್ತಿರ ಉಳಿ ಹಿಡಿಯಲು ಕಲಿತೆ. ಆದರೆ ಮೂರ್ತಿ ಕೆತ್ತುವ ಕೈ ನನ್ನದಾಗಲಿಲ್ಲ. ನಾನು ಕೆತ್ತಿದ ಮೊದಲ ನಂದಿಯನ್ನು ಮಾವ ಸುತ್ತ ತಿರುಗಿ ನೋಡಿ, "ಆಮೆ ಲಾಯ್ಕ ಆಗಿದೆ ಮಾರಾಯ" ಎಂದರು. ಹಾಗಾಗಿ ದೇವರನ್ನು ಬಿಟ್ಟು ಗ್ರೈಂಡರಿಗೆ ಬಂದೆ.

ಹೋಟೆಲಿನ ಗ್ರೈಂಡರಿನ ಕಲ್ಲು ಸವೆದು ನುಣುಪಾದರೆ ಉದ್ದು ನುಣ್ಣಗಾಗುವುದಿಲ್ಲ. ಕಲ್ಲು ಒರಟಾಗಿದ್ದರೇ ಹಿಟ್ಟು ಮೆತ್ತಗೆ. ಆ ಕಲ್ಲಿಗೆ ಉಳಿ ಹೊಡೆದು ಮತ್ತೆ ತರಿ ಎಬ್ಬಿಸುವುದು ನನ್ನ ಕೆಲಸ. ಮನೆ ಕಾಪುವಿನಲ್ಲಿ, ಕೆಲಸ ಹೆಚ್ಚು ಉಡುಪಿಯ ಹೋಟೆಲುಗಳಲ್ಲಿ, ಮಣಿಪಾಲದ ಹಾಸ್ಟೆಲ್ ಮೆಸ್ಸುಗಳಲ್ಲಿ. ನೀವು ಆ ಕಡೆ ಎಲ್ಲಾದರೂ ಒಳ್ಳೆಯ ಇಡ್ಲಿ ತಿಂದಿದ್ದರೆ ಅದರಲ್ಲಿ ನನ್ನದೂ ಸ್ವಲ್ಪ ಪಾಲು ಉಂಟು ಎಂದು ತಿಳಿದುಕೊಳ್ಳಿ. ಅಡುಗೆಯ ಭಟ್ರು ಇದನ್ನು ಒಪ್ಪುವುದಿಲ್ಲ, ಅದು ಬೇರೆ ಮಾತು.

ಹೀಗೆ ಒಂದೂ ರಜೆ ಹಾಕದೆ ದುಡಿದ ಮೈಗೆ ಕೆಲವು ವರ್ಷಗಳ ಹಿಂದೆ ಉರಿ ಶುರುವಾಯಿತು. ಮೊದಲು ಅಂಗಾಲು, ಆಮೇಲೆ ಅಂಗೈ. ಒಣಮೆಣಸು ಅರೆದ ಕೈಯನ್ನು ತೊಳೆಯದೆ ಬಿಟ್ಟ ಹಾಗೆ. ಹೊದಿಕೆ ಕಾಲಿಗೆ ತಾಗಿದರೂ ಯಾರೋ ಮರಳುಕಾಗದದಿಂದ ಉಜ್ಜಿದಂತೆ. ರಕ್ತ ಕೊಟ್ಟೆ, ಎಕ್ಸ್‌ರೇ ತೆಗೆಸಿದೆ, ಸ್ಕ್ಯಾನಿಂಗ್ ಆಯಿತು, ನರಕ್ಕೆ ಕರೆಂಟು ಕೊಟ್ಟು ನೋಡುವ ಪರೀಕ್ಷೆಯೂ ಆಯಿತು. ಎಲ್ಲವೂ ನಾರ್ಮಲ್.

ಇಲ್ಲಿ ನನ್ನ ಹೆಂಡತಿಯ ಪಾತ್ರ ಬರುತ್ತದೆ. ನಾನು ಪರೀಕ್ಷೆಗೆ ಹೊರಟಾಗಲೆಲ್ಲ ಅವಳು ಗಣಪತಿಗೆ ಹರಕೆ ಹೇಳಿಕೊಳ್ಳುತ್ತಿದ್ದಳು: ರಿಪೋರ್ಟ್ ನಾರ್ಮಲ್ ಬಂದರೆ ಅಪ್ಪದ ಪೂಜೆ. ರಿಪೋರ್ಟ್ ನಾರ್ಮಲ್ ಬರುತ್ತಿತ್ತು. ಪೂಜೆ ಆಗುತ್ತಿತ್ತು. ಬೆಲ್ಲ ಹಾಕಿ ತುಪ್ಪದಲ್ಲಿ ಕರಿದ ಅಪ್ಪ ಪ್ರಸಾದವಾಗಿ ಮನೆಗೆ ಬರುತ್ತಿತ್ತು. ನಾನು ಉರಿಯುವ ಕಾಲು ಚಾಚಿಕೊಂಡು ತಿನ್ನುತ್ತಿದ್ದೆ. ಇಷ್ಟು ಅಪ್ಪ ತಿಂದ ಮೇಲೆ ಮುಂದಿನ ಸಲ ಶುಗರ್ ಆದರೂ ಸಿಕ್ಕೀತು ಎಂದು ಒಳಗೊಳಗೆ ಆಸೆ ಇತ್ತು. ಅದೂ ನಾರ್ಮಲ್.

ತೊಂದರೆ ಏನೆಂದರೆ, ಅವಳ ಲೆಕ್ಕದಲ್ಲಿ ರಿಪೋರ್ಟ್ ಬಂದ ದಿನವೇ ನಾನು ಗುಣವಾಗಿರುತ್ತಿದ್ದೆ. ಆಮೇಲೆ "ಅಯ್ಯೋ ಕಾಲು" ಎಂದರೆ ಅವಳ ಮುಖ ಗಂಟಿಕ್ಕುತ್ತಿತ್ತು.

"ಪುನಃ ಎಂತ ಕಾಲು? ಪೂಜೆ ಆಯ್ತಲ್ಲ."

"ಪೂಜೆ ಆಯ್ತು. ಉರಿ ಹೋಗಲಿಲ್ಲ."

"ಹಾಗೆಲ್ಲ ಹೇಳಬೇಡಿ ಮಾರಾಯ್ರೆ. ದೇವರಿಗೆ ಕೇಳಿಸ್ತದೆ."

ಇನ್ನು ಭಾವನ ವಿಷಯ. ಹೆಂಡತಿಯ ಅಣ್ಣ, ದುಬೈಯಲ್ಲಿ ಇದ್ದು ಬಂದವರು. ಅವರಿಗೆ ಬೆನ್ನಿನಲ್ಲಿ ಡಿಸ್ಕ್ ಜಾರಿದೆ. ಜಾರಿದ್ದು ಸ್ಕ್ಯಾನಿಂಗಿನಲ್ಲಿ ಚೆಂದ ಕಾಣುತ್ತದೆ, ಆ ಫೋಟೋ ಅವರ ಮೊಬೈಲಿನಲ್ಲಿ ಮೊಮ್ಮಗಳ ಫೋಟೋಕ್ಕಿಂತ ಮೊದಲು ಬರುತ್ತದೆ. ಆ ಒಂದು ಚಿತ್ರದಿಂದ ಅವರಿಗೆ ಎಲ್ಲ ಸಮಾರಂಭಗಳಲ್ಲೂ ಫ್ಯಾನಿನ ಕೆಳಗೆ ಕೈಯಿರುವ ಕುರ್ಚಿ, ಮೊದಲ ಪಂಕ್ತಿಯಲ್ಲಿ ಊಟ. ಕುಕ್ಕುಂದೂರಿನಲ್ಲಿ ಸಂಬಂಧಿಕರ ಮದುವೆಯಲ್ಲಿ ಅವರು ಆ ಕುರ್ಚಿಯಿಂದಲೇ ನನ್ನನ್ನು ಕರೆದರು.

"ಭಾವ, ನೀವು ಗಟ್ಟಿ ಜನ. ಆ ಸಾಂಬಾರಿನ ಬಾಲ್ದಿ ಸ್ವಲ್ಪ ಹಿಡೀರಿ. ನನಗೆ ಡಿಸ್ಕ್ ಉಂಟಲ್ಲ."

"ನನಗೆ ಕಾಲು ಉರೀತದೆ ಭಾವ."

"ಹೌದಾ? ರಿಪೋರ್ಟ್ ಎಂತ ಬಂತು?"

"ನಾರ್ಮಲ್."

"ಮತ್ತೆ?"

ಪಕ್ಕದಲ್ಲಿದ್ದ ಹೆಂಡತಿ ಸೌಟನ್ನು ನನ್ನ ಕೈಗೆ ಕೊಟ್ಟಳು. ಬಾಲ್ದಿ ಹಿಡಿದು ಮೂರು ಪಂಕ್ತಿ ಬಡಿಸಿದೆ. ನೆಲದ ಟೈಲ್ಸು ಕಾವಲಿಯ ಹಾಗೆ ಸುಡುತ್ತಿತ್ತು. ಸುಡುತ್ತಿದ್ದದ್ದು ನನಗೊಬ್ಬನಿಗೇ. ಮೈಗಳ್ಳ ಎಂದು ಈ ಜನ್ಮದಲ್ಲಿ ಯಾರೂ ನನ್ನನ್ನು ಕರೆದಿರಲಿಲ್ಲ. ನೋವನ್ನಾದರೂ ತಡೆದುಕೊಳ್ಳಬಹುದು, ನೋವು ಸುಳ್ಳು ಎಂದು ಎಲ್ಲರ ಮುಖದಲ್ಲಿ ಬರೆದದ್ದನ್ನು ಓದುತ್ತ ಬಡಿಸುವುದು ಕಷ್ಟ.

ಅದಾಗಿ ಸ್ವಲ್ಪ ದಿನಕ್ಕೆ ಮಣಿಪಾಲದ ಒಂದು ಮೆಸ್ಸಿನಲ್ಲಿ ಉಳಿ ನನ್ನ ಕೈಯಿಂದ ಜಾರಿ ಬಿತ್ತು. ಪೆಟ್ಟೇನೂ ಆಗಲಿಲ್ಲ. ಆದರೆ ನನ್ನ ಕೈಯಿಂದ ಉಳಿ ಬಿದ್ದದ್ದನ್ನು ಆ ಅಡುಗೆಮನೆ ಹಿಂದೆ ಕಂಡಿರಲಿಲ್ಲ. ಅಲ್ಲಿನ ಭಟ್ರು ಒಲೆ ಸಣ್ಣ ಮಾಡಿ ಹತ್ತಿರ ಬಂದರು.

"ಎಂತ ಆಯ್ತು?"

"ಎಂತ ಇಲ್ಲ. ಎಲ್ಲ ನಾರ್ಮಲ್."

"ನಾರ್ಮಲ್ ಆದವನ ಮುಖ ಹೀಗೆ ಇರುವುದಿಲ್ಲ" ಎಂದು ಅವರು ತಮ್ಮ ಅತ್ತಿಗೆಯನ್ನು ನೋಡಿದ್ದ ಅಲ್ಲೇ ಮಣಿಪಾಲದ ಒಬ್ಬ ಡಾಕ್ಟರ ಹೆಸರು ಹೇಳಿದರು. ಬರೀ ನೋವನ್ನೇ ನೋಡುವ ಡಾಕ್ಟರಂತೆ. ಹೆಂಗಸು, ಸಣ್ಣ ಪ್ರಾಯ, ಆದರೆ ಕೇಳುವ ತಾಳ್ಮೆ ಉಂಟು.

ಹೋಗುವುದೆಂದು ನಿಶ್ಚಯವಾಯಿತು. ಆ ದಿನ ಹೆಂಡತಿಯ ಹತ್ತಿರ ಮೆಲ್ಲ ಮಾತು ತೆಗೆದೆ.

"ಈ ಸಲ ಹರಕೆ ಸ್ವಲ್ಪ ಬದಲಿಸ್ತೀಯಾ?"

"ಬದಲಿಸಿ ಎಂತ ಹೇಳ್ಬೇಕು?"

"ಏನಾದರೂ ಸಿಗಲಿ ಅಂತ. ದೊಡ್ಡದು ಬೇಡ. ಸಣ್ಣದು, ಹೆಸರು ಇರುವಂಥದ್ದು."

"ನಿಮಗೆ ಮಂಡೆ ಸಮ ಉಂಟಾ? ಗಂಡನಿಗೆ ರೋಗ ಕೊಡು ಅಂತ ಯಾವ ಹೆಂಗಸಾದರೂ ಕೈ ಮುಗೀತಾಳಾ? ಗಣಪತಿ ನನ್ನನ್ನು ಎಂತ ತಿಳ್ಕೊಳ್ಳಬೇಕು?"

"ಕೊಡು ಅಂತ ಅಲ್ಲ ಮಾರಾಯ್ತಿ. ಕೊಟ್ಟದ್ದನ್ನು ತೋರಿಸು ಅಂತ."

"ಈ ಮಾತೆಲ್ಲ ಹೋಟೆಲಿನವರ ಹತ್ತಿರ ಇಟ್ಟುಕೊಳ್ಳಿ" ಎಂದು ಅವಳು ಹಳೆಯ ಹರಕೆಯನ್ನೇ ಇನ್ನೊಮ್ಮೆ ಹೇಳಿಕೊಂಡಳು.

ನಾನೂ ಸುಮ್ಮನಿರಲಿಲ್ಲ. ನಮ್ಮ ಕಡೆ ಏನಾದರೂ ಕಾಣೆಯಾದರೆ ಕೊರಗಜ್ಜ ಎಂಬ ದೈವಕ್ಕೆ ಚಕ್ಕುಲಿ, ವೀಳ್ಯದೆಲೆ ಹೇಳಿಕೊಳ್ಳುವುದು ಪದ್ಧತಿ. ಬೀಗದ ಕೈ, ಮೂಗುತಿ, ಪಾಸ್‌ಪೋರ್ಟು, ಹಟ್ಟಿಗೆ ಬಾರದ ದನ, ಎಲ್ಲಕ್ಕೂ ಅಜ್ಜನೇ. ಎರಡು ದಿನ ಬಿಟ್ಟು, ಕೆಲಸಕ್ಕೆ ಹೊರಡುವಾಗ ನನ್ನ ಸ್ಕೂಟರಿನ ಹತ್ತಿರ ನಿಂತು ಕೈ ಮುಗಿದೆ. "ಅಜ್ಜ, ನನ್ನ ರೋಗ ಒಂದು ಕಾಣುವುದಿಲ್ಲ. ಹೊರಗೆ ಎಲ್ಲಿಗೂ ಹೋಗಿಲ್ಲ, ಈ ಮೈಯೊಳಗೇ ಉಂಟು. ಹುಡುಕಿ ಕೊಡು." ಕೇಳಿದ್ದರಲ್ಲಿ ತಪ್ಪಿದೆ ಎಂದು ನನಗೆ ಈಗಲೂ ಅನಿಸುವುದಿಲ್ಲ.

ಡಾಕ್ಟರು ನನ್ನ ದಪ್ಪ ಫೈಲನ್ನು ಮೊದಲಿನಿಂದ ಕೊನೆಯವರೆಗೆ ಓದಿದರು. ಆಮೇಲೆ ಫೈಲು ಬದಿಗಿಟ್ಟು ನನ್ನ ಕಾಲಿಗೆ ಸೂಜಿಯ ಮೊನೆ ಮುಟ್ಟಿಸಿದರು, ತಣ್ಣನೆಯ ಕಬ್ಬಿಣ ಮುಟ್ಟಿಸಿದರು, ಎಲ್ಲಿ ಗೊತ್ತಾಗುತ್ತದೆ, ಎಲ್ಲಿ ಇಲ್ಲ ಎಂದು ಒಂದೊಂದಾಗಿ ಕೇಳಿದರು.

"ನಿಮಗೆ ನೋವು ಇರುವುದು ಹೌದು" ಎಂದರು.

ಜೊತೆಗೆ ಬಂದಿದ್ದ ಹೆಂಡತಿ ತಲೆ ಎತ್ತಿದಳು. "ರಿಪೋರ್ಟಲ್ಲಿ ಎಂತ ಉಂಟು ಮೇಡಂ?"

"ರಿಪೋರ್ಟ್ ನಾರ್ಮಲ್. ಆ ನರದ ಪರೀಕ್ಷೆ ದಪ್ಪ ನರಗಳನ್ನು ಮಾತ್ರ ನೋಡ್ತದೆ. ಇವರಿಗೆ ಕೆಟ್ಟಿರುವುದು ಚರ್ಮದಲ್ಲಿರುವ ಸಪೂರ ನರಗಳು ಅಂತ ಕಾಣ್ತದೆ. ಅವು ಆ ಮೆಷಿನಿಗೆ ಸಿಗುವುದಿಲ್ಲ."

"ಅದು ಯಾಕೆ ಕೆಡ್ತದೆ?" ಎಂದೆ.

"ಕಾರಣ ಬೇಕಾದಷ್ಟು ಉಂಟು. ನಿಮಗೆ ಶುಗರ್ ಇಲ್ಲ, ವಿಟಮಿನ್ ಸರಿ ಉಂಟು. ಕೆಲವರಲ್ಲಿ ರೋಗದಿಂದ ಮೈಯನ್ನು ಕಾಯಬೇಕಾದ ಶಕ್ತಿಯೇ ದಾರಿ ತಪ್ಪಿ ಅವರದೇ ನರದ ಮೇಲೆ ಬೀಳ್ತದೆ. ನಿಮ್ಮದೂ ಅದೇ ಇರಬಹುದು. ಖಂಡಿತ ಅಂತ ನಾನು ಹೇಳುವುದಿಲ್ಲ, ಇದರ ಮೇಲೆ ಇನ್ನೂ ಸಂಶೋಧನೆ ನಡೀತಾ ಉಂಟು."

ನನಗೆ ಕೂಡಲೇ ನನ್ನ ಕಸುಬು ನೆನಪಾಯಿತು. "ಅಕ್ಕಿ ಹಾಕದೆ ಗ್ರೈಂಡರ್ ಓಡಿಸಿದ ಹಾಗಾ ಮೇಡಂ? ಆಗ ಕಲ್ಲು ಕಲ್ಲನ್ನೇ ತಿನ್ನುತ್ತದೆ."

ಅವರು ನಗಲಿಲ್ಲ. "ಪೂರ್ತಿ ಹಾಗಲ್ಲ. ಅಲ್ಲಿ ಅಕ್ಕಿ ಇಲ್ಲ ಅಂತ ತಿನ್ನುವುದು. ಇಲ್ಲಿ ಅಕ್ಕಿ ಯಾವುದು, ಕಲ್ಲು ಯಾವುದು ಅಂತ ಗುರುತೇ ಸಿಗದೆ ತಿನ್ನುವುದು."

ಇಷ್ಟು ವರ್ಷ ಕಲ್ಲಿನ ಜೊತೆ ಕಳೆದ ನನಗೆ ಇದು ಹೊಳೆದಿರಲಿಲ್ಲ. ನನ್ನ ಮೈ ನನ್ನನ್ನೇ ಉದ್ದು ಎಂದು ತಿಳಿದುಕೊಂಡಿರಬಹುದು. ಪಾಪ, ಅದೂ ರಜೆ ಹಾಕದ ಜಾತಿಯೇ.

ಅವರು ನರದ ನೋವಿಗೆ ಮಾತ್ರೆ ಬರೆದರು, ಪೂರ್ತಿ ಹೋಗುತ್ತದೆ ಎಂದು ನಂಬಿಕೊಳ್ಳಬೇಡಿ ಎಂದರು, ಆಗಾಗ ಬಂದು ತೋರಿಸಬೇಕು ಎಂದರು. ನಾವು ಕಾಪುವಿನ ಬಸ್ಸು ಹತ್ತಿದೆವು.

"ನಾರ್ಮಲ್ ಅಂದ್ರಲ್ಲ. ಅಪ್ಪದ ಪೂಜೆ ಮಾಡಿಸ್ಬೇಕು" ಎಂದಳು ಹೆಂಡತಿ.

"ರೋಗವೂ ಸಿಕ್ಕಿತಲ್ಲ. ಅಜ್ಜನಿಗೆ ಚಕ್ಕುಲಿ ಕೊಡ್ಬೇಕು."

"ನೀವು ಅಜ್ಜನಿಗೆ ಹೇಳ್ಕೊಂಡಿದ್ರಾ?"

"ಹೂಂ."

ಕಟಪಾಡಿ ಬರುವವರೆಗೆ ಅವಳು ಬೆರಳು ಮಡಚಿ ಲೆಕ್ಕ ಹಾಕಿದಳು. ಗಂಡನ ಮೇಲೆ ಸಿಟ್ಟು ಮಾಡಬಹುದಿತ್ತು. ಆದರೆ ಗಣಪತಿಯ ಮಾತೂ ಉಳಿದಿತ್ತು, ಅಜ್ಜನ ಮಾತೂ ಉಳಿದಿತ್ತು. ಯಾರ ಮೇಲೆ ತಪ್ಪು ಹೊರಿಸುವುದು?

"ಯಾವಾಗ ಹೇಳ್ಕೊಂಡದ್ದು?"

"ಗುರುವಾರ."

"ನಾನು ಮಂಗಳವಾರ. ಹಾಗಾದರೆ ಗಣಪತಿಗೆ ಮೊದಲು" ಎಂದಳು. ಆಮೇಲೆ ಬ್ಯಾಗು ನನ್ನ ಪಾದಕ್ಕೆ ತಾಗುತ್ತಿದೆ ಎಂದು ಎತ್ತಿ ತನ್ನ ಮಡಿಲಲ್ಲಿ ಇಟ್ಟುಕೊಂಡಳು. ನಾನು ಹೇಳಿರಲಿಲ್ಲ.

ಎರಡೂ ಹರಕೆ ಸಂದಾಯವಾಯಿತು. ಆಮೇಲೆ ಬಂದದ್ದು ಭಾವನ ಮನೆಯ ಸತ್ಯನಾರಾಯಣ ಪೂಜೆ. ಅಲ್ಲಿ ಭಾವ ಕುರ್ಚಿಯಿಂದಲೇ ವಿಚಾರಿಸಿದರು.

"ಮಣಿಪಾಲಕ್ಕೆ ಹೋಗಿದ್ರಂತೆ. ಎಂತ ಬಂತು?"

"ನಾರ್ಮಲ್."

"ಮತ್ತೆ?"

ನಾನು ಬಾಯಿ ತೆರೆಯುವ ಮೊದಲೇ ಹಿಂದಿನಿಂದ ಹೆಂಡತಿಯ ಸ್ವರ ಬಂತು. "ಮತ್ತೆ ಎಂತ ಅಣ್ಣ? ನಾರ್ಮಲೂ ಉಂಟು, ನೋವೂ ಉಂಟು. ನಿನ್ನದು ಡಿಸ್ಕ್, ಫೋಟೋದಲ್ಲಿ ಬರ್ತದೆ. ಇವರದ್ದು ಸಪೂರ ನರ, ಫೋಟೋಕ್ಕೆಲ್ಲ ಸಿಗುವಂಥದ್ದಲ್ಲ. ಸ್ವಲ್ಪ ಏಳು, ಇವರು ಕೂತ್ಕೊಳ್ಳಲಿ."

ಭಾವ ಎದ್ದರು. ಎದ್ದು ತಮ್ಮ ಕಾಲನ್ನು ನೋಡಿಕೊಂಡು, "ಆ ಸಪೂರ ನರ ನನಗೂ ಇರಬಹುದಾ ಭಾವ?" ಎಂದು ಕೇಳಿದರು.

ಕುರ್ಚಿಯಲ್ಲಿ ಕುಳಿತೆ. ಅಭ್ಯಾಸ ಇಲ್ಲದ ಕಾರಣ ಕೈ ಎಲ್ಲಿ ಇಡುವುದೆಂದು ಗೊತ್ತಾಗಲಿಲ್ಲ.

ಈಗ ನನ್ನಲ್ಲಿ ಇರುವುದು ಇಷ್ಟು. ಸ್ಕೂಟರು ಒಂದು. ಉಳಿ ಆರು, ಸುತ್ತಿಗೆ ಎರಡು. ಕರೆಯುವ ಅಡುಗೆಮನೆಗಳು ಇಪ್ಪತ್ತೆರಡು. ನಾರ್ಮಲ್ ರಿಪೋರ್ಟುಗಳ ಫೈಲು ಒಂದು. ದಿನಕ್ಕೆ ಮಾತ್ರೆ ಎರಡು. ಡಾಕ್ಟರು ಕೊಟ್ಟ "ಇರಬಹುದು" ಒಂದು. ನೋವು, ಮೊದಲಿನ ಅರ್ಧ. ಅದನ್ನು ನಂಬುವ ಹೆಂಡತಿ ಒಬ್ಬಳು.